ಮನೆ ಸೋರುತ್ತೆ, ಬಾಡಿಗೆ ಮಾತ್ರ ಏರುತ್ತೆ!

ಮಳೆಗಾಲ ಬಂತೆಂದರೆ ರೈತನಿಗೆ ಹಿಗ್ಗು, ಬಾಡಿಗೆ ಮನೆಯವನಿಗೆ ದಿಗಿಲು. ತಿಂಗಳ ಕೆಳಗೆ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯ ವಠಾರವೊಂದಕ್ಕೆ ಹೋಗಿದ್ದೆವು. ಆರು ಮನೆ, ಒಂದೇ ಕಕ್ಕಸು. ಮೂರನೇ ಮನೆಯ ನೆಲದ ಮೇಲೆ ಬಕೆಟ್ಟು, ಚೊಂಬು, ಅನ್ನದ ಪಾತ್ರೆ ಸಾಲಾಗಿ ಕೂತಿದ್ದವು. ಒಡೆದ ಹಂಚಿನಿಂದ ಅವುಗಳಿಗೆ ತೊಟ್ಟು ತೊಟ್ಟಾಗಿ ನೀರು. ಗೋಡೆಯ ಸ್ವಿಚ್ಚಿಗೆ ಪ್ಲಾಸ್ಟಿಕ್ ಹೊದಿಸಿ ಟೇಪು ಸುತ್ತಿದ್ದರು.

“ಮೊನ್ನೆ ಚಿಕ್ಕವನಿಗೆ ಶಾಕ್ ಹೊಡೀತು ಸಾರ್. ದೇವರು ದೊಡ್ಡವನು, ಉಳ್ಕೊಂಡ” ಎಂದರು ಆ ಮನೆಯ ತಾಯಿ.

ಮಾಲೀಕರಿಗೆ ಹೇಳಲಿಲ್ಲವೇ? “ಹೇಳ್ದೆ ಇರ್ತೀವಾ? ಹೋದ ಮಳೆಗಾಲದಿಂದ ಹೇಳ್ತಾನೇ ಇದೀವಿ. ‘ಕಷ್ಟ ಆದ್ರೆ ಬೇರೆ ಮನೆ ನೋಡ್ಕೊಳ್ಳಮ್ಮ, ಬರೋರು ಬೇಕಾದಷ್ಟು ಜನ ಇದಾರೆ’ ಅಂತಾರೆ ಯಜಮಾನ್ರು.”

ಯಜಮಾನರನ್ನೂ ಕಂಡೆವು. ಅವರದೂ ಒಂದು ಲೆಕ್ಕ ಉಂಟು. “ಮೇಸ್ತ್ರಿ ಕೂಲಿ ಏನಾಗಿದೆ ಗೊತ್ತೇನ್ರೀ? ರಿಪೇರಿ ಎಲ್ಲಾ ಬಾಡಿಗೆದಾರರದ್ದೇ ಅಂತ ಕರಾರಲ್ಲಿ ಬರೆದಿದೆ, ಸಹಿ ಹಾಕಿದಾರೆ ನೋಡಿ” ಎಂದು ಛಾಪಾ ಕಾಗದ ಮುಂದಿಟ್ಟರು. ನಿಜ, ಬರೆದಿತ್ತು. ಆಕೆ ಓದಿರಲಿಲ್ಲ. ಹನ್ನೊಂದು ತಿಂಗಳ ಕರಾರನ್ನು ನಮ್ಮಲ್ಲಿ ಓದಿ ಸಹಿ ಹಾಕುವವರು ಎಷ್ಟು ಜನ?

ಗುಟ್ಟು ಇರುವುದು ಇಲ್ಲೇ. ಬಾಡಿಗೆಗೆ ಮೂಲ ಕಾನೂನು 1882ರ ಸ್ವತ್ತು ವರ್ಗಾವಣೆ ಅಧಿನಿಯಮ. ಮಾಲೀಕ ತಾನು ಮಾಡಲೇಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ ಅದರ 108ನೇ ಕಲಂ. ಆದರೆ ‘ಮಾಡಲೇಬೇಕಾದ’ ಎಂಬ ಮಾತನ್ನು ಗಮನಿಸಿ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಕರಾರಿನದೇ ಮೇಲುಗೈ. ಬಾಡಿಗೆದಾರನಿಗೂ ಹೊಣೆ ಇದೆ: ಸಹಜ ಸವಕಳಿ ಬಿಟ್ಟರೆ, ಮನೆ ಸಿಕ್ಕಾಗ ಹೇಗಿತ್ತೋ ಹಾಗೇ ಕಾಪಾಡಬೇಕು.

“ಬಾಡಿಗೆ ಕಾಯಿದೆ ಅಂತ ಒಂದಿದೆಯಲ್ಲ?” ಎನ್ನುತ್ತೀರಿ. ಇದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆ ಹೋಗಿ, 1999ರ ಕರ್ನಾಟಕ ಬಾಡಿಗೆ ಅಧಿನಿಯಮ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ದಾಟಿದ ಬಾಡಿಗೆಗೆ ಅದು ಅನ್ವಯಿಸದು. ಅಂಗಡಿಯವರೂ ಕೇಳಿ: 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ಮೀರಿದ ಮಳಿಗೆಯೂ ಅದರ ಹೊರಗೇ. ಈಗಿನ ಬಾಡಿಗೆಯಲ್ಲಿ ಒಳಗೆ ಉಳಿದವರು ಯಾರು, ನೀವೇ ಹೇಳಿ.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾನೂನೊಂದಕ್ಕೆ ಒಪ್ಪಿಗೆ ಕೊಟ್ಟಿತು. ರಾಜ್ಯ ತನ್ನ ಶಾಸನ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಆದರೂ ಅದರ ಪಟ್ಟಿ ಚೊಕ್ಕವಾಗಿದೆ. ಕಟ್ಟಡದ ರಿಪೇರಿ, ಸುಣ್ಣಬಣ್ಣ, ನೀರಿನ ಪೈಪು ಬದಲಿಸುವುದು, ವೈರಿಂಗು: ಇವು ಮಾಲೀಕನವು. ನಲ್ಲಿ ಮತ್ತು ವಾಷರ್, ಚರಂಡಿ ಶುಚಿ, ಸ್ವಿಚ್ಚು, ಬೀಗ, ಕಿಟಕಿ ಗಾಜು: ಇವು ಬಾಡಿಗೆದಾರನವು. ಮಾಲೀಕ ಒಪ್ಪದಿದ್ದರೆ ಬಾಡಿಗೆದಾರ ಮಾಡಿಸಿ ಮುರಿದುಕೊಳ್ಳಬಹುದು, ಆದರೆ ಒಂದು ತಿಂಗಳಲ್ಲಿ ಅರ್ಧ ಬಾಡಿಗೆಗಿಂತ ಹೆಚ್ಚು ಮುರಿಯುವಂತಿಲ್ಲ. ಮುಂದಿನ ಕರಾರು ಬರೆಸುವಾಗ ಈ ಪಟ್ಟಿಯನ್ನೇ ಸೇರಿಸಿ ಎಂದು ಕೇಳಿ. ಕೇಳಲು ದುಡ್ಡು ಬೇಕಿಲ್ಲ.

ಈಗಾಗಲೇ ಸೋರುವ ಮನೆಯಲ್ಲಿರುವವರಿಗೆ ನಾಲ್ಕು ಮಾತು. ಬಾಯಿಮಾತು ಸಾಕ್ಷಿಯಾಗದು, ಪತ್ರ ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಫೋಟೋ ತೆಗೆದು, ಮೇಸ್ತ್ರಿಯಿಂದ ಖರ್ಚಿನ ಅಂದಾಜು ಬರೆಸಿಕೊಳ್ಳಿ. ಸಿಟ್ಟಿಗೆ ಬಾಡಿಗೆ ಮಾತ್ರ ನಿಲ್ಲಿಸಬೇಡಿ. ತಿಂಗಳ ಬಾಡಿಗೆಯವರನ್ನು ಬಿಡಿಸಲು 15 ದಿನದ ನೋಟೀಸು ಸಾಕು, ನೆಪ ನೀವೇ ಒದಗಿಸಬೇಡಿ. ಕಾಸಿಲ್ಲದವರು ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವಿದೆ.

ಮಾಲೀಕರಿಗೂ ಒಂದು ಮಾತು. ಇಂದು ಹತ್ತು ಹಂಚು ಬದಲಿಸದಿದ್ದರೆ ನಾಳೆ ಜಂತೆಯೇ ಕೊಳೆಯುತ್ತದೆ. ಮನೆ ನಿಮ್ಮದೇ ಅಲ್ಲವೇ ಸ್ವಾಮಿ?

ಆ ತಾಯಿಯ ಪತ್ರವನ್ನು ವಠಾರದ ಕಾಲೇಜು ಹುಡುಗನೊಬ್ಬ ಬರೆದುಕೊಟ್ಟ. ಪತ್ರ ಮುಟ್ಟಿದ ವಾರದಲ್ಲೇ ವೈರು ಬದಲಾಯಿತು. ಹಂಚು? “ಮಳೆ ನಿಲ್ಲಲಿ, ಹೊದಿಸೋಣ” ಅಂದಿದ್ದಾರಂತೆ ಯಜಮಾನರು.

ಮಳೆ ನಿಂತ ಮೇಲೆ ನೆನಪಿಸಲು ನಾವೂ ಒಮ್ಮೆ ಆ ಗಲ್ಲಿಗೆ ಹೋಗಿ ಬರುತ್ತೇವೆ.