ಕಾರು ಬರೆದಿಟ್ಟ ಚೀಟಿ

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಇರಲಿ, ಭದ್ರಾವತಿಯ ಪುಟ್ಟ ಗ್ಯಾರೇಜೇ ಇರಲಿ, ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ರೋಗ ಹೇಳಬಲ್ಲ ಮೇಸ್ತ್ರಿಗಳಿದ್ದಾರೆ. 1923ರಲ್ಲೇ ಕಬ್ಬಿಣದ ಕುಲುಮೆ ಹೊತ್ತಿದ ಭದ್ರಾವತಿಗಂತೂ ಯಂತ್ರದ ಮಾತು ಹೊಸದಲ್ಲ. ಆದರೆ ಈಗಿನ ಕಾರು ಸದ್ದು ಮಾಡಿ ಸುಮ್ಮನಾಗುವುದಿಲ್ಲ. ತನಗೇನಾಯಿತೆಂದು ಬರೆದೂ ಇಡುತ್ತದೆ. ರಿಪೇರಿಯ ಗಡಿಬಿಡಿಯಲ್ಲಿ ಮೊದಲು ಅಳಿಸಿಹೋಗುವುದು ಆ ಬರಹವೇ.

ಇಂಜಿನ್ನಿಗೆ ಅಂಟಿಕೊಂಡ ಹಲವು ಸೆನ್ಸರುಗಳು ಉಷ್ಣತೆ, ಗಾಳಿ, ವೇಗ ಮುಂತಾದವನ್ನು ಅಳೆದು ಒಂದು ಪುಟ್ಟ ಕಂಪ್ಯೂಟರಿಗೆ ತಿಳಿಸುತ್ತಿರುತ್ತವೆ. ಲೆಕ್ಕ ತಪ್ಪಿದರೆ ಅದು ದೋಷದ ಸಂಕೇತವೊಂದನ್ನು ದಾಖಲಿಸಿ ಡ್ಯಾಷ್‌ಬೋರ್ಡಿನ ಹಳದಿ ದೀಪ ಹೊತ್ತಿಸುತ್ತದೆ. ಈ ಏರ್ಪಾಟಿಗೆ ಓಬಿಡಿ ಎಂದು ಹೆಸರು. ಅಮೆರಿಕದಲ್ಲಿ 1996ರ ಮಾದರಿಗಳಿಂದ ಓಬಿಡಿ-2 ಕಡ್ಡಾಯವಾಯಿತು. ನಮ್ಮಲ್ಲಿ ಭಾರತ್ ಸ್ಟೇಜ್-4 ನಿಯಮದೊಡನೆ 2010ರ ಏಪ್ರಿಲಿನಲ್ಲಿ ಮೊದಲ ಹಂತ, 2013ರ ಏಪ್ರಿಲಿನಲ್ಲಿ ಎರಡನೆಯ ಹಂತ ಬಂತು.

ಪಿ 0301 ಎಂಬ ಸಂಕೇತ ನೋಡಿ. ಪಿ ಎಂದರೆ ಇಂಜಿನ್ ಮತ್ತು ಗೇರಿನ ವಿಭಾಗ. ಸೊನ್ನೆ ಎಂದರೆ ಎಲ್ಲ ಕಂಪನಿಗಳಿಗೂ ಸಮಾನ ಸಂಕೇತ. ಮೂರು, ಕಿಡಿ ಹಾಗೂ ದಹನಕ್ಕೆ ಸಂಬಂಧಿಸಿದ್ದು. ಕೊನೆಯ 01, ಒಂದನೇ ಸಿಲಿಂಡರು. ಅಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ಇದರ ಅರ್ಥ. ಸ್ಪಾರ್ಕ್ ಪ್ಲಗ್ ಬದಲಿಸಿ ಎಂದಲ್ಲ! ಇದನ್ನು ತಪ್ಪಾಗಿ ಓದಿ ಸಾವಿರಾರು ರೂಪಾಯಿ ಸುರಿಯುವವರು ಕಡಿಮೆಯಿಲ್ಲ.

ಸಂಕೇತದ ಜೊತೆಗೆ ಇನ್ನೊಂದು ಅಮೂಲ್ಯ ದಾಖಲೆಯಿರುತ್ತದೆ. ದೋಷ ಕಂಡ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಸುತ್ತು ತಿರುಗುತ್ತಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬ ವಿವರ. ಇದಕ್ಕೆ 'ಫ್ರೀಜ್ ಫ್ರೇಮ್' ಎನ್ನುತ್ತಾರೆ. ಕ್ಷಣವೊಂದನ್ನು ಹೆಪ್ಪುಗಟ್ಟಿಸಿಟ್ಟ ಚಿತ್ರ.

ಮಳೆಗಾಲದ ಬೆಳಿಗ್ಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಪೆಟ್ರೋಲ್ ಕಾರೊಂದು ದಾರಿಯಲ್ಲಿ ಮುಗ್ಗರಿಸಿ, ಗ್ಯಾರೇಜು ತಲಪುವ ಹೊತ್ತಿಗೆ ಸರಿಯಾಗಿಬಿಟ್ಟಿತೆನ್ನಿ. ಪರೀಕ್ಷಿಸಿದರೆ ಏನೂ ಸಿಗದು. ಆಗ ಉಳಿದಿರುವ ಸಾಕ್ಷಿ ಆ ದಾಖಲೆಯೊಂದೇ. ಇಂಜಿನ್ ತಣ್ಣಗಿದ್ದಾಗ ದೋಷ ಬಂದಿದ್ದರೆ ತೇವದ ಕಡೆಗೆ ಸಂಶಯ ಹರಿಯಬಹುದು. ಬಿಸಿಯೇರಿ ಭಾರ ಎಳೆಯುವಾಗ ಬಂದಿದ್ದರೆ ಬೇರೆ ಕಡೆ ಹುಡುಕಬೇಕು.

ಪ್ರತಿ ಸಿಲಿಂಡರಿಗೂ ಬೇರೆ ಇಗ್ನಿಷನ್ ಕಾಯಿಲ್ ಇರುವ ಕಾರಿನಲ್ಲಿ ಒಂದು ಸೊಗಸಾದ ಪ್ರಯೋಗ ಸಾಧ್ಯ. ಸಂಕೇತವನ್ನು ಬರೆದುಕೊಂಡು, ಒಂದನೇ ಮತ್ತು ಮೂರನೇ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಆಮೇಲೆ ಹಳೆಯದನ್ನು ಅಳಿಸಿ ಕಾರು ಓಡಿಸುವುದು. ಈಗ ಪಿ 0303 ಬಂದರೆ ದೋಷ ಕಾಯಿಲ್ ಜೊತೆಯಲ್ಲೇ ಸಾಗಿದೆ ಎಂದಾಯಿತು. ಮತ್ತೆ ಪಿ 0301 ಬಂದರೆ ಕಾಯಿಲ್ ನಿರಪರಾಧಿ. ಪ್ಲಗ್, ಇಂಜೆಕ್ಟರ್, ವೈರಿಂಗ್ ನೋಡಬೇಕು. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳು ಕಲಿಯುವುದೂ ಇದನ್ನೇ ಅಲ್ಲವೇ, ಒಮ್ಮೆಗೆ ಒಂದನ್ನೇ ಬದಲಿಸುವುದು? ಮೊದಲ ಅಂಕಿ ಬರೆದುಕೊಳ್ಳದಿದ್ದರೆ ಹೋಲಿಸುವುದಾದರೂ ಯಾವುದಕ್ಕೆ?

ಸ್ಕ್ಯಾನರಿನಲ್ಲಿ ಅಳಿಸುವ ಗುಂಡಿ ಒತ್ತಿದರೆ ಸಂಕೇತವೂ ಹೋಗುತ್ತದೆ, ಫ್ರೀಜ್ ಫ್ರೇಮೂ ಹೋಗುತ್ತದೆ. ಅನೇಕ ಕಾರುಗಳಲ್ಲಿ ಬ್ಯಾಟರಿಯ ತಂತಿ ಬಿಚ್ಚಿದರೂ ಅದೇ ಗತಿ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮುನ್ನ ಸ್ಕ್ಯಾನರಿನ ಪರದೆಯ ಫೋಟೋ ತೆಗೆಯಲು ಹೇಳಿ. ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಕೆಲವೇ ನಿಮಿಷದ ಕೆಲಸ. ಕಿಲೋಮೀಟರ್ ಅಂಕಿ, ದಿನಾಂಕ, ಮಳೆಯಿತ್ತೋ ಇಲ್ಲವೋ ಎಂಬುದನ್ನೂ ಗುರುತು ಹಾಕಿಕೊಂಡರೆ ಒಳ್ಳೆಯದು.

ಇನ್ನು, ಹಳದಿ ದೀಪ ಸುಮ್ಮನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗುತ್ತಿದ್ದರೆ ಉರಿಯದ ಇಂಧನ ಹೊರಹೋಗಿ, ಹೊಗೆ ಶುದ್ಧಮಾಡುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತಿರಬಹುದು. ಆಗ ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಬೇಕು.