ಹಳೆಯ ಮೋಟಾರಿಗೆ ಹೊಸ ಚಿಲಕ

1930ರ ಸುಮಾರಿನ ಅಮೆರಿಕದ ಮೋಟಾರುಗಾಡಿಯ ಬಾಗಿಲನ್ನು ನಾವು ಎಳೆದುಕೊಂಡಾಗ, ಓರೆಯಾದ ಒಂದು ನಾಲಗೆ ಎದುರಿನ ತಗಡಿನ ಹಿಂದೆ ಸಿಕ್ಕಿಕೊಳ್ಳುವುದು, ಆಧಾರವೆಲ್ಲ ಅಷ್ಟೇ. ಡಿಕ್ಕಿಯ ಹೊಡೆತಕ್ಕೆ ಗಾಡಿಯ ಮೈ ತಿರುಚಿದರೆ ಸಂದು ಅಗಲವಾಗಿ ನಾಲಗೆ ಜಾರುವುದು, ಕುಳಿತವರು ರಸ್ತೆಗೆ ಬೀಳುವರು. ಕೀಲುಗಳು ಹಿಂಬದಿಗಿದ್ದರಂತೂ ಎದುರುಗಾಳಿಯೇ ಬಾಗಿಲನ್ನು ಬಡಿದು ತೆರೆಯುವುದು. ಫೋರ್ಡ್ ಕಂಪೆನಿಯವರು 1956ರ ಗಾಡಿಗಳಲ್ಲಿ ಸುಭದ್ರವಾದ ಚಿಲಕಗಳನ್ನಿಟ್ಟರು. ಈಗ ಹಳೆಯ ಗಾಡಿಗಳಿಗೆ ಜೋಡಿಸುವ ಚಿಲಕದ ಎರಡು ದವಡೆಗಳು ಕಂಬದಲ್ಲಿ ನೆಟ್ಟ ಉಕ್ಕಿನ ಗೂಟವನ್ನು ತಬ್ಬಿ ಹಿಡಿಯುತ್ತವೆ. ಕರಡಿಯ ಪಂಜವೆಂಬ ಹೆಸರು ಅನ್ವರ್ಥವೇ ಸರಿ. ಬಾಗಿಲು ಅರೆ ಮುಚ್ಚಿದ್ದರೂ ಮೊದಲ ಹಲ್ಲು ತಡೆದಿರುತ್ತದೆ. ಆದರೆ ಗೂಟ ನೆಟ್ಟ ಕಂಬವು ಪೊಳ್ಳಾದ ಮರವಾದರೆ ಪಂಜದಿಂದ ಪ್ರಯೋಜನವೇನು? ಮೊದಲು ಅದಕ್ಕೆ ಉಕ್ಕಿನ ಬಲ ಕೊಡತಕ್ಕದ್ದು. ಹಿಂದಿನ ಪೆಟ್ಟಿಗೆಯ ಮುಚ್ಚಳಕ್ಕೆ ಇದೇ ಜಾತಿಯ ಚಿಕ್ಕ ಚಿಲಕ ಸಾಕು. ಎಳೆಯುವ ತಂತಿ ತುಂಡಾದೀತೆಂದು ಇನ್ನೊಂದನ್ನು ಮರೆಯಲ್ಲಿಟ್ಟಿರಬೇಕು.