ಒಂದು ಗೇಣು, ಏಳು ಬೆರಳು

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ದಾರಿಯಲ್ಲೊಂದು ತಗಡಿನ ವರ್ಕ್‌ಶಾಪು. ಕಬ್ಬಿನ ಹಂಗಾಮು, ಬಾಗಿಲ ತುಂಬ ಟ್ರ್ಯಾಲಿಯ ಮುರಿದ ಕೊಂಡಿ, ಸವೆದ ಕುಂಟೆ. ಅವುಗಳ ನಡುವೆ ಇಂದು ಚಾಪರ್ ಸೈಕಲ್ಲೊಂದು ನಿಂತಿದೆ. ಹಳೆಯ ಫ್ರೇಮಿನ ಕತ್ತು ಕೊಯ್ದು ಹಿಂದಕ್ಕೆ ಮಲಗಿಸಿದ್ದಾರೆ. ಫೋರ್ಕಿಗೆ ಪೈಪು ಬೆಸೆದು ಮಾರುದ್ದ ಚಾಚಿದ್ದಾರೆ. ಹ್ಯಾಂಡಲ್ಲು ಎದೆಯೆತ್ತರ, ಸೀಟು ಮೊಣಕಾಲಿನಷ್ಟು. ಕಟ್ಟಿದವನು ಕಾಲೇಜು ಹುಡುಗ.

“ಕಾಕಾ, ಸಾವಕಾಶ ಹೊಡದ್ರ ಹ್ಯಾಂಡಲ್ ತಾನ ಒಂದ್ ಕಡೆ ಬೀಳ್ತೈತಿ. ಜೋರ್ ಬಿಟ್ರ ಗದಗದ ನಡಗತೈತಿ.”

ಮಿಸ್ತ್ರಿ ಮುಂಗಾಲಿಯನ್ನು ಎತ್ತಿ ಹ್ಯಾಂಡಲ್ಲನ್ನು ಎರಡೇ ಬೆರಳಿನಿಂದ ತಿರುಗಿಸುತ್ತಾನೆ. ನಟ್ಟನಡುವೆ ಬಂದಾಗ ಅದು ಸಣ್ಣಗೆ ಕಚ್ಚಿ ನಿಲ್ಲುತ್ತದೆ. ಬಿಚ್ಚಿ ನೋಡಿದರೆ ಕೆಳಗಿನ ಬಾಲ್ ಕಪ್ಪಿನಲ್ಲಿ ಗುಂಡುಗಳು ಕೂತು ಕೂತು ಕುಳಿ ಬಿದ್ದಿವೆ. ಹೊಸ ಕಪ್ಪು, ಹೊಸ ಗುಂಡು, ಗ್ರೀಸು. ಇಂಥ ಕಡೆ ನಟ್ಟು ಬಿಗಿದು ಕಳಿಸಿಬಿಡುವವರೂ ಇದ್ದಾರೆ. ನಡುಕ ಕೈಗೆ ಗೊತ್ತಾಗದು, ಆದರೆ ಸವಾರ ಕ್ಷಣಕ್ಷಣಕ್ಕೂ ಮಾಡುವ ಸಣ್ಣ ತಿದ್ದುಪಡಿಗೂ ಆಗ ದಾರಿ ಇರುವುದಿಲ್ಲ. ಅದು ದೊಡ್ಡ ಅಪಾಯ.

ನಿಜವಾದ ದೋಷ ಇನ್ನೂ ಕೆಳಗಿದೆ. ಕತ್ತಿನ ಪೈಪಿನ ಗುಂಟ ಉದ್ದನೆಯ ಸಲಾಕೆ ಹಿಡಿದು, ಅದು ನೆಲ ಮುಟ್ಟುವಲ್ಲಿ ಮಿಸ್ತ್ರಿ ಸುಣ್ಣದ ಗೆರೆ ಎಳೆಯುತ್ತಾನೆ. ಮುಂಗಾಲಿಯ ನಡುವಿನಿಂದ ಗೌಂಡಿಯ ತೂಕದ ಗುಂಡು ಇಳಿಬಿಟ್ಟು ಇನ್ನೊಂದು ಗೆರೆ. ನಡುವೆ ಕೈ ಊರುತ್ತಾನೆ: ಒಂದು ಗೇಣು!

“ಸಾದಾ ಸೈಕಲ್ಲಿಗೆ ಇದು ನಾಕ ಬೆಳ್ಳ ಇರತೈತಿ, ತಮ್ಮಾ.”

ಆ ಅಂತರವೇ ಗಾಲಿಯನ್ನು ನೇರ ನಡೆಸುವುದು. ಇದ್ದರೆ ಚೆಂದ, ಆದರೆ ಅದು ಅತಿಯಾಗಿ, ಕತ್ತೂ ಮಲಗಿದ್ದರೆ, ಹ್ಯಾಂಡಲ್ ತುಸು ಹೊರಳಿದರೂ ಮುಂಭಾಗ ಕೆಳಕ್ಕೆ ಕುಸಿಯುತ್ತದೆ, ಮೇಲಿನ ಭಾರವೇ ಅದನ್ನು ಇನ್ನಷ್ಟು ಹೊರಳಿಸುತ್ತದೆ. ಫೋರ್ಕನ್ನು 10 ಸೆಂಟಿಮೀಟರ್ ಕಡಿದರೆ ಕತ್ತು ಮೂರು ಡಿಗ್ರಿಗೂ ಮಿಕ್ಕಿ ನೆಟ್ಟಗಾಗುತ್ತದೆ. ಗಾಲಿ ಕೂರುವ ಪಟ್ಟಿಯನ್ನು 4 ಸೆಂಟಿಮೀಟರ್ ಮುಂದೆ ಬೆಸೆದರೆ ಗೇಣು ಇಳಿದು ಏಳು ಬೆರಳಿಗೆ ಬರುತ್ತದೆ. ಚಾಪರಿನ ಠೀವಿಯೂ ಉಳಿಯುತ್ತದೆ. ಕಡಿದ ಪೈಪಿನೊಳಗೆ ಇನ್ನೊಂದು ಪೈಪಿನ ತುಂಡು ತೂರಿಸಿದ ಮೇಲೆಯೇ ವೆಲ್ಡಿಂಗ್. ಬರೀ ಬಾಯಿಗೆ ಬಾಯಿ ಬೆಸೆದ ಫೋರ್ಕು ಗುಂಡಿಯಲ್ಲಿ ಮುರಿದರೆ ಹಲ್ಲು ಉಳಿಯವು. ಎರಡು ಕಾಲುಗಳು ಬೇರೆಬೇರೆಯಾಗಿ ತಿರುಚದಂತೆ ನಡುವೆ ಅಡ್ಡಪಟ್ಟಿ.

ಕಿಡಿಗಳು ಕುಂಟೆಯ ಮೇಲೆಲ್ಲ ಸಿಡಿಯುತ್ತವೆ. ಸೈಕಲ್ಲೂ ಹೊಲದ ಸಾಮಾನೂ ಒಂದೇ ಸೂರಿನಡಿ ಇರುವುದು ಈ ಸೀಮೆಗೆ ಹೊಸದಲ್ಲ. ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರೇ ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು.

ಇನ್ನು ಸೀಟು. ಸವಾರನ ಭಾರವೆಲ್ಲ ಹಿಂಗಾಲಿಗೆ ಬಿದ್ದು ಮುಂಗಾಲಿ ಹಗುರಾಗಿದೆ. ಇಂಗ್ಲೆಂಡಿನ ರ‍್ಯಾಲಿ ಕಂಪನಿಯ ಹೆಸರಾಂತ ಚಾಪರಿಗೂ ಇದೇ ಕಾಟವಿತ್ತು. 1972ರ ಎರಡನೆಯ ಮಾದರಿಯಲ್ಲಿ ಅವರೂ ಸೀಟನ್ನು ಮುಂದಕ್ಕೆ ತಂದರು. ಮಿಸ್ತ್ರಿ ಒಂದು ಚೋಟು ಮುಂದೆ ಸರಿಸುತ್ತಾನೆ.

ಹುಡುಗ ಅಂಗಡಿಯ ಮುಂದೆಯೇ ಸುತ್ತು ಹಾಕುತ್ತಾನೆ. ತಿರುವಿಗೆ ಜಾಗ ಹೆಚ್ಚೇ ಬೇಕು, ಆದರೆ ಹ್ಯಾಂಡಲ್ಲು ಬೀಳುತ್ತಿಲ್ಲ. ಒಂದು ಕೈ ಬಿಟ್ಟು ನಗುತ್ತಾನೆ. ಎದುರಿಗೆ ಕಬ್ಬಿನ ಎರಡು ಟ್ರ್ಯಾಲಿ ಎಳೆದುಕೊಂಡು ಟ್ರ್ಯಾಕ್ಟರ್ ಬರುತ್ತಿದೆ.

“ಇಳಿ ಇಳಿ!” ಮಿಸ್ತ್ರಿ ಕೂಗುತ್ತಾನೆ. “ಮುಂದಿನ ಬ್ರೇಕ್ ಎಲ್ಲೈತಿ? ಅದನ್ ಹಾಕೂತನಕಾ ಗಾಡಿ ಇಲ್ಲೇ ಇರ್ಲಿ.”